ಪಾಠಕ್ಕೆ ಮುಂಚಿನ ಬಾಯಿಲೆಕ್ಕ: ಕೊನೆಗೆ ಸರಿಹೋದದ್ದು ಹೀಗೆ

ಮೂರನೇ ತರಗತಿಯಲ್ಲಿ ದಿನವೂ ಗಣಿತ ಪಾಠಕ್ಕೆ ಮುಂಚೆ ಸ್ವಲ್ಪ ಹೊತ್ತು ಬಾಯಿಲೆಕ್ಕ ಮಾಡಿಸುತ್ತೇನೆ. ನಾನು ಪ್ರಶ್ನೆ ಮುಗಿಸುವ ಮೊದಲೇ ಅದೇ ನಾಲ್ಕು ಮಕ್ಕಳು ಉತ್ತರ ಕೂಗುತ್ತಿದ್ದರು. ಉಳಿದವರು ಲೆಕ್ಕ ಮಾಡುವುದನ್ನೇ ಬಿಟ್ಟಿದ್ದರು.

ಒಟ್ಟಾಗಿ ಮಗ್ಗಿ ಹೇಳಿಸಿದೆ. ಹಿಂದಿನ ಸಾಲಿನವರು ಬರೀ ತುಟಿ ಆಡಿಸಿದರು. ಗಡಿಯಾರ ಹಿಡಿದು ಸ್ಪರ್ಧೆ ಇಟ್ಟರೆ ನಿಧಾನದವರು ಇನ್ನಷ್ಟು ಮುದುಡಿದರು. ಅಭ್ಯಾಸದ ಹಾಳೆ ಹಂಚಿ ತಿದ್ದುವುದರಲ್ಲೇ ಅರ್ಧ ಪಿರಿಯಡ್ ಹೋಯಿತು.

ಕೆಲಸಕ್ಕೆ ಬಂದದ್ದು ಕೈಸನ್ನೆ. ಉತ್ತರ ಹೊಳೆದವರು ಕೈ ಎತ್ತುವಂತಿಲ್ಲ, ಮುಷ್ಟಿಯನ್ನು ಎದೆಗಿಟ್ಟು ಹೆಬ್ಬೆರಳು ಎತ್ತಬೇಕು. ಇನ್ನೊಂದು ದಾರಿ ಹೊಳೆದರೆ ಮತ್ತೊಂದು ಬೆರಳು. ಬಹುತೇಕ ಹೆಬ್ಬೆರಳುಗಳು ಮೇಲೇಳುವ ತನಕ ನಾನು ಬಾಯಿ ಬಿಡುವುದಿಲ್ಲ. (ಮೊದಮೊದಲು ಆ ಮೌನ ಸಹಿಸುವುದು ಮಕ್ಕಳಿಗಿಂತ ನನಗೇ ಕಷ್ಟ.) ಬಳಿಕ ತಪ್ಪೂ ಸೇರಿ ಬಂದ ಉತ್ತರಗಳನ್ನೆಲ್ಲ ಬೋರ್ಡಿನಲ್ಲಿ ಬರೆದು, ‘ಹೇಗೆ ಮಾಡಿದೆ?’ ಎಂದಷ್ಟೇ ಕೇಳುತ್ತೇನೆ.

ಲೆಕ್ಕಗಳ ಕ್ರಮವೂ ಮುಖ್ಯ. ಮೊದಲ ದಿನ ನೇರವಾಗಿ 38 + 27 ಕೊಟ್ಟು, ಒಂದರ ಕೆಳಗೊಂದು ಬರೆದಿದ್ದೆ. ಎಲ್ಲರೂ ಗಾಳಿಯಲ್ಲಿ ಬೆರಳಾಡಿಸಿದರು. ಕೈಯಲ್ಲಿ ಉಳಿದ ಒಂದನ್ನು ಮರೆತು 55 ಎಂದವರೇ ಹೆಚ್ಚು. ಈಗ ಅಡ್ಡಸಾಲಿನಲ್ಲಿ, ಒಂದಾದ ಮೇಲೊಂದು ಬರೆಯುತ್ತೇನೆ: 40 + 25, 39 + 26, 38 + 27. ಮೂರನೆಯದಕ್ಕೆ ಬರುವಷ್ಟರಲ್ಲಿ ಒಬ್ಬಳು, ‘27ರಿಂದ ಎರಡು ತೆಗೆದು 38ಕ್ಕೆ ಕೊಟ್ಟರೆ ಮೊದಲಿನದೇ ಆಯಿತಲ್ಲ ಮಿಸ್’ ಎಂದಳು.

ದಿನಕ್ಕೆ ಮೂರೇ ಲೆಕ್ಕ. ಎಂಟು ನಿಮಿಷಕ್ಕೆ ಮುಗಿಯದಿದ್ದರೆ ಉಳಿದದ್ದನ್ನು ಬೋರ್ಡಿನ ಮೂಲೆಯಲ್ಲಿ ಹಾಗೆಯೇ ಬಿಟ್ಟು, ಮರುದಿನ ಅಲ್ಲಿಂದಲೇ ಆರಂಭಿಸುತ್ತೇನೆ.