ಅರ್ಕಾವತ್ತು ಹಿಡಿದು ಫ್ರೆಂಚ್ ಪದ ಒಡೆದದ್ದು

"ಫ್ರೆಂಚನ್ನು ಕನ್ನಡ ಅಕ್ಷರದಲ್ಲಿ ಬರೆಸಿದರೆ ಮಕ್ಕಳ ಉಚ್ಚಾರ ಕೆಟ್ಟು ಕೆರ ಹಿಡಿಯುತ್ತೆ" ಅಂತ ನನ್ನ ಹಾಗೆ ಮನೆಪಾಠ ಮಾಡುವವರೆಲ್ಲ ನಕ್ಕಿದ್ದರು. ಈ ಸಲ ಡೆಲ್ಫ್ ಎ1 (ಫ್ರೆಂಚ್ ಭಾಷಾ ಪರೀಕ್ಷೆಯ ಆರಂಭದ ಹಂತ) ಬರೆದ ನನ್ನ ಹುಡುಗರಿಗೆ ಮಾತಿನ ಭಾಗದಲ್ಲಿ 25ಕ್ಕೆ 19, 20 ಬಂದಿದೆ. ಮೊದಲೆಲ್ಲ 13 ದಾಟಿದರೆ ಹಬ್ಬ.

ಅದಕ್ಕೂ ಮುಂಚೆ ಕಳೆದುಕೊಂಡದ್ದು ಕಮ್ಮಿಯಲ್ಲ. ಬಣ್ಣದ ಕಾರ್ಡ್ ಮಾಡಿಸಿದೆ, ಸುಮಾರು 4,000 ರೂಪಾಯಿ. ಈಗ ಅಟ್ಟದ ಮೇಲಿವೆ. ಆಡಿಯೊ ಪಾಠಕ್ಕೆ ಇನ್ನೊಂದು 1,800. ಕೇಳಿದ್ದನ್ನು ಹೇಳುತ್ತಿದ್ದರು, ಹೊಸ ಪದ ಬಂದರೆ ಮತ್ತೆ ತೊದಲು.

ದಾರಿ ಸಿಕ್ಕಿದ್ದು ಒಂದು ತಪ್ಪಿನಿಂದ. ಫ್ರೆಂಚ್ ಪದವನ್ನು ಕನ್ನಡದಲ್ಲಿ ಬರೆಸಿ, ಉಚ್ಚಾರದ ತುಂಡುಗಳಾಗಿ ಒಡೆಸುತ್ತಿದ್ದೆ. 'ಪಾರ್ತಿರ್' (ಹೊರಡು) ಪದವನ್ನು ಒಬ್ಬಳು 'ಪಾ-ರ್ತಿ-ರ್' ಅಂತ ಒಡೆದಳು. ಸರಿಯಾದದ್ದು 'ಪಾರ್-ತಿರ್'. ಅದೇ ಹುಡುಗಿ 'ಪಾ-ತ್ರಿ' (ತಾಯ್ನಾಡು) ಸರಿಯಾಗಿ ಒಡೆದಿದ್ದಳು! ಅಲ್ಲೇ ಹೊಳೆಯಿತು. ಅರ್ಕಾವತ್ತು ಬಂದರೆ ಕತ್ತರಿಸು. ರ ಒತ್ತು, ಲ ಒತ್ತು ಬಂದರೆ ಸಾಮಾನ್ಯವಾಗಿ ಮುಟ್ಟಬೇಡ: 'ತಾ-ಬ್ಲೊ'. ಉಳಿದ ಒತ್ತಕ್ಷರ ಹೆಚ್ಚುಕಡಿಮೆ ಒಡೆಯುತ್ತವೆ: 'ಎಸ್-ಪ್ವಾರ್'. ಶಾಲೆಯಲ್ಲಿ ಪ್ರಸ್ತಾರ ಹಾಕಿ ಪಳಗಿದವರೇ ಜಾಸ್ತಿ ಎಡವಿದರು. ಒತ್ತಕ್ಷರದ ಹಿಂದಿನದು ಗುರು ಅಂತ 'ಪಾತ್-ರಿ' ಮಾಡುತ್ತಿದ್ದರು.

ಜೋಡಿ ಅಕ್ಷರ ಇನ್ನೊಂದು ತಲೆನೋವು. 'ಬಾಲೋಂ' (ಚೆಂಡು) ಪದದಲ್ಲಿ ಎಲ್ ಎರಡಿವೆ. ಸಾಲಿನ ಕೊನೆಯಲ್ಲಿ ಪದ ಮುರಿದರೆ ಎರಡರ ನಡುವೆ ಗೆರೆ, ಬಾಯಲ್ಲಿ ಮಾತ್ರ ಒಂದೇ. ನಾವು 'ಅಮ್ಮ' ಅಂತ ಒತ್ತಿ ಹೇಳುವ ಜನ ಅಲ್ವಾ, 'ಬಲ್ಲೋಂ' ಅಂತಲೇ ಬರುತ್ತಿತ್ತು.

ಸುಮ್ನೆ ಇರಲಾರದೆ ಅರ್ಥದ ಪ್ರಕಾರ ಪದ ಬಿಡಿಸಿ ಕಲಿಸಲೂ ನೋಡಿದೆ. 'ಇನ್ಯುತೀಲ್' (ಉಪಯೋಗವಿಲ್ಲದ್ದು) ಅನ್ನುವ ಪದದಲ್ಲಿ ಮುಂದಿರುವುದು 'ಅಲ್ಲದ' ಅನ್ನುವ 'ಐ-ಎನ್' ತುಂಡು. ಮಕ್ಕಳು ಅದನ್ನು ಬೇರೆ ಮಾಡಿ 'ಆ್ಯಂ-ಯುತೀಲ್' ಅಂತ ಮೂಗಿನಲ್ಲಿ ಎಳೆದರು. ಎರಡು ವಾರ ದಂಡ. ಎನ್ ಆದಮೇಲೆ ಸ್ವರ ಬಂದರೆ ಎನ್ ಅದರ ಜೊತೆ ಹೋಗುತ್ತದೆ, ಮೂಗಿನ ದನಿ ಉಳಿಯುವುದಿಲ್ಲ: 'ಇ-ನ್ಯು-ತೀಲ್'. ವ್ಯಂಜನ ಬಂದರೆ ಸಾಮಾನ್ಯವಾಗಿ ಸೊನ್ನೆ: 'ಆ್ಯಂ-ದಿ-ರೆಕ್ತ್'. ಕೊನೆಗೆ 'ಮಾತು ಇಲ್ಲ' ಬರೆಸಿ, ಜೋರಾಗಿ ಓದಿಸಿದೆ. 'ಮಾ-ತಿ-ಲ್ಲ' ಅಂದರು. "ಅಷ್ಟೇ, ಎನ್ ಕೂಡ ಹೀಗೇ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತೆ" ಅಂದೆ. ಆವತ್ತಿನಿಂದ ಆ ತಪ್ಪು ಬಂದಿಲ್ಲ.

ಪದದ ಕೊನೆಯ ಮೂಕ 'e' ಅಕ್ಷರವನ್ನು ಯಾವಾಗ ನುಂಗಬೇಕು ಅನ್ನುವುದಕ್ಕೂ ಒಂದು ಉಪಾಯ ಇದೆ. ಅದನ್ನು ಮಾತ್ರ ಬರೆಯುವುದಿಲ್ಲ, ಹೊಟ್ಟೆಪಾಡು. ನಕ್ಕಿದ್ದವರಲ್ಲಿ ಒಬ್ಬರು ಈಗ ಮಗಳನ್ನು ನನ್ನ ಹತ್ತಿರವೇ ಕಳಿಸುತ್ತಿದ್ದಾರೆ. ಫೀಸಿನಲ್ಲಿ ಒಂದು ರೂಪಾಯಿಯೂ ಬಿಟ್ಟಿಲ್ಲ.