ದುಬೈಯಲ್ಲಿ ಕತ್ತರಿ ಹಿಡಿಯುವ ಮುನ್ನ

ದುಬೈಯ ದೇರಾ ಬಡಾವಣೆಯ ಜೆಂಟ್ಸ್ ಸೆಲೂನೊಂದರಲ್ಲಿ ಕುರ್ಚಿಯ ಹಿಂದೆ ನಿಂತು ನನಗೆ ಹದಿನಾಲ್ಕು ವರ್ಷವಾಯಿತು. ಪುತ್ತೂರು, ಬಂಟ್ವಾಳದ ಕಡೆಯಿಂದ, ಈಚೆಗೆ ಹುಬ್ಬಳ್ಳಿಯಿಂದಲೂ ಬರುವ ಹುಡುಗರು ಮೊದಲು ಕೇಳುವುದು, "ಅಣ್ಣ, ತಿಂಗಳಿಗೆ ಎಷ್ಟು ಉಳಿಯುತ್ತದೆ?" ನಾನು ತಿರುಗಿ ಕೇಳುವುದು, "ಆಫರ್ ಲೆಟರಿನಲ್ಲಿ ಮೂಲ ವೇತನ ಎಷ್ಟು ಬರೆದಿದ್ದಾರೆ?" ಅದನ್ನು ನೋಡಿ ಬಂದವರು ಕಡಿಮೆ.

ನಮ್ಮ ಕೆಲಸದಲ್ಲಿ ಸಂಬಳ, ಕಮಿಷನ್, ಟಿಪ್ಸ್ ಎಲ್ಲ ಬೆರೆತಿರುತ್ತವೆ. ಮಾಲೀಕರು ಬಾಯಲ್ಲಿ ಹೇಳುವುದು ಒಟ್ಟು ಮೊತ್ತ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಮೂಲ ವೇತನದ್ದು ಮಾತ್ರ: ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಕಾಗದದಲ್ಲಿ 1,200 ದಿರ್ಹಾಂ ಇದ್ದವನಿಗೆ ಐದು ವರ್ಷಕ್ಕೆ 4,200 ಬರುತ್ತದೆ. 600 ಇದ್ದವನು ಅಷ್ಟೇ ಜನರ ಕೂದಲು ಕತ್ತರಿಸಿದ್ದರೂ 2,100 ಎಣಿಸಿಕೊಂಡು ವಿಮಾನ ಹತ್ತುತ್ತಾನೆ. ನನ್ನ ಮೊದಲ ಸೆಲೂನಿನಲ್ಲಿ ನಾನು ಆ ಎರಡನೆಯವನಾಗಿದ್ದೆ. ಕಮಿಷನ್ ಒಪ್ಪಂದ ಬಾಯಿಮಾತಿನಲ್ಲೇ ಇತ್ತು, ಬಾಯಿಮಾತಿನಲ್ಲೇ ಹೋಯಿತು.

ಆಫರ್ ಲೆಟರ್ ಇಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಇರಬೇಕು. ಅರೇಬಿಕ್, ಇಂಗ್ಲಿಷಿನ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಂಥ ಇನ್ನೊಂದು ಭಾಷೆಯಲ್ಲೂ ಅದನ್ನು ಕೇಳಿ ಪಡೆಯಬಹುದು. ಪಟ್ಟಿಯಲ್ಲಿ ಕನ್ನಡ ಇಲ್ಲ, ಹಾಗಾಗಿ ಹಿಂದಿ ಓದಬಲ್ಲ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ವೃತ್ತಿಯ ಜಾಗದಲ್ಲಿ ಬಾರ್ಬರ್ ಅಥವಾ ಹೇರ್‌ಡ್ರೆಸ್ಸರ್ ಎಂದೇ ಇರಬೇಕು. "ಈಗ ಕ್ಲೀನರ್ ವೀಸಾದಲ್ಲಿ ಬಾ, ಆಮೇಲೆ ಬದಲಿಸೋಣ" ಎನ್ನುವವನ ಮಾತಿಗೆ ಹೂಂಗುಟ್ಟಬೇಡಿ. ವಿಸಿಟ್ ವೀಸಾದಲ್ಲಿ ಬಂದು ಕತ್ತರಿ ಹಿಡಿಯುವುದಂತೂ ಕಾನೂನುಬಾಹಿರ. ಪರವಾನಗಿ ಇಲ್ಲದವರನ್ನು ಇಟ್ಟುಕೊಂಡರೆ ಮಾಲೀಕನಿಗೆ ದಂಡ ಒಂದು ಲಕ್ಷ ದಿರ್ಹಾಂನಿಂದ ಶುರುವಾಗುತ್ತದೆ. ತಪಾಸಣೆಯವರು ಬಾಗಿಲಿಗೆ ಬಂದರೆ ಆತ ನಿಮ್ಮನ್ನು ಗುರುತೇ ಇಲ್ಲ ಎನ್ನುತ್ತಾನೆ.

ವೀಸಾ, ನೇಮಕಾತಿಯ ಖರ್ಚು ಮಾಲೀಕನದು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಇಲ್ಲಿನ ಕಾರ್ಮಿಕ ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಭಾರತದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷ ಕೇಳುವವನು ಏಜೆಂಟಲ್ಲ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್ ಇಸಿಆರ್ (ದುಡಿಯಲು ಹೊರದೇಶಕ್ಕೆ ಹೋಗುವಾಗ ಸರ್ಕಾರದ ಅನುಮತಿ ಬೇಕಾಗುವಂಥದ್ದು) ಆಗಿದ್ದರೆ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ಅನುಮತಿ ಪಡೆದು ಹೊರಡಿ. ಇಲ್ಲಿಗೆ ಬಂದ ಮೇಲೆ ಆ ಪಾಸ್‌ಪೋರ್ಟನ್ನು ಮಾಲೀಕ "ಸುರಕ್ಷಿತವಾಗಿ ಇಡುತ್ತೇನೆ" ಎಂದು ಕೇಳಿದರೆ ಕೊಡಬೇಡಿ. ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ.

ವೈದ್ಯಕೀಯ ತಪಾಸಣೆಯಲ್ಲಿ ರಕ್ತ, ಎದೆಯ ಎಕ್ಸ್‌ರೇ ಎಲ್ಲರಿಗೂ ಇದೆ. ಸೆಲೂನಿನವರಿಗೆ ಹೆಪಟೈಟಿಸ್ ಬಿ ಕೂಡ ನೋಡುತ್ತಾರೆ. ಅದಕ್ಕೆ ಊರಿನಲ್ಲೇ ಒಮ್ಮೆ ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸು ಮುಗಿಯಲು ಆರು ತಿಂಗಳು ಬೇಕಾಗುತ್ತದೆ.

ಇನ್ನು ಕೆಲಸದ ಮಾತು. ಊರಿನಲ್ಲಿ "ಮೀಡಿಯಂ ಕಟ್ಟಿಂಗ್" ಎಂದರೆ ಮುಗಿಯಿತು. ಇಲ್ಲಿ ಗಿರಾಕಿ ಕುಳಿತ ಕೂಡಲೇ ಫೇಡ್ ಕೇಳುತ್ತಾನೆ, ಅಂದರೆ ಕೆಳಗಿನಿಂದ ಮೇಲಕ್ಕೆ ಕೂದಲು ಹಂತಹಂತವಾಗಿ ದಟ್ಟವಾಗುವ ಕಟ್ಟಿಂಗ್. ಅರಬರ ಬಾಯಲ್ಲಿ ಅದು "ತದ್ರೀಜ್". ಗಡ್ಡದ ಗೆರೆ ಕೆನ್ನೆಯ ಮೇಲೆ ದಾರ ಹಿಡಿದ ಹಾಗೆ ಬರಬೇಕು. ತಲೆಗಿಂತ ಗಡ್ಡಕ್ಕೇ ಹೆಚ್ಚು ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. ನನ್ನನ್ನು ಕೇಳಿದರೆ, ವಿಮಾನದ ಟಿಕೆಟಿಗೆ ಮೊದಲು ಮಂಗಳೂರಿನದೋ ಬೆಂಗಳೂರಿನದೋ ಒಳ್ಳೆಯ ಸೆಲೂನಿನಲ್ಲಿ ಆರು ತಿಂಗಳು ಟ್ರಿಮ್ಮರ್ ಕೈಗೆ ಹತ್ತಿಸಿಕೊಳ್ಳಿ. ಮಾತಿಗೆ ಹಿಂದಿ ಸಾಕು, ಜೊತೆಗೆ ಅರೇಬಿಕ್ಕಿನ ಎರಡು ಪದ. "ಖಫೀಫ್" ಎಂದರೆ ಹಗುರವಾಗಿ, "ಶ್ವಾಯ್" ಎಂದರೆ ಸ್ವಲ್ಪ. ಈ ಎರಡನ್ನು ಅದಲುಬದಲು ಮಾಡದಿದ್ದರೆ ಮೊದಲ ತಿಂಗಳು ಸಾಗುತ್ತದೆ.

ಶುಚಿತ್ವದಲ್ಲಿ ಮುನಿಸಿಪಾಲಿಟಿ ಬಹಳ ಬಿಗಿ. ಪ್ರತಿ ಗಿರಾಕಿಗೂ ಹೊಸ ಬ್ಲೇಡ್, ಬಾಚಣಿಗೆ ಕತ್ತರಿಗಳಿಗೆ ಕ್ರಿಮಿನಾಶನ. ಊರಿನ ಅಂಗಡಿಯಲ್ಲಿ ಒಂದೇ ಪಟಿಕದ ಕಲ್ಲನ್ನು ಬೆಳಗ್ಗಿನಿಂದ ಸಂಜೆವರೆಗೆ ಎಲ್ಲರ ಕೆನ್ನೆಗೂ ಉಜ್ಜುತ್ತಿದ್ದೆವಲ್ಲ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕಾನೂನಿನ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48. ವಾಸ್ತವದಲ್ಲಿ ಮಧ್ಯಾಹ್ನ ಅಂಗಡಿ ಖಾಲಿ, ರಾತ್ರಿ ನೂಕುನುಗ್ಗಲು. ರಂಜಾನಿನಲ್ಲಿ ಇಫ್ತಾರ್ ಆದ ಮೇಲೆಯೇ ಗಿರಾಕಿ ಕಾಲಿಡುವುದು. ಈದ್‌ನ ಹಿಂದಿನ ರಾತ್ರಿ ನಾನು ಬೆಳಗಿನ ಬಾಂಗ್ ಕೇಳುವವರೆಗೂ ನಿಂತದ್ದಿದೆ. ಸೊಂಟಕ್ಕಿಂತ ಮೊದಲು ಕಾಲಿನ ನರ ಉಬ್ಬುತ್ತದೆ, ಒಳ್ಳೆಯ ಶೂಗೆ ಜಿಪುಣತನ ಬೇಡ.

ಬೆಡ್ ಸ್ಪೇಸ್ (ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ) ಹುಡುಕಿಕೊಳ್ಳುವುದು, ಬಸ್ಸು ಮೆಟ್ರೋಗೆ ಬೇಕಾದ ನೋಲ್ ಕಾರ್ಡ್ ಮಾಡಿಸುವುದು ಒಂದು ವಾರದಲ್ಲಿ ತಾನಾಗಿ ಬರುತ್ತದೆ. ಮರೆಯಬಾರದ್ದು ನಿರುದ್ಯೋಗ ವಿಮೆ. ನಮ್ಮಂಥವರಿಗೆ ತಿಂಗಳಿಗೆ ಐದೇ ದಿರ್ಹಾಂ, ಮಾಡಿಸದಿದ್ದರೆ 400 ದಂಡ.

ಸಂಬಳ ಬ್ಯಾಂಕಿಗೆ ಬರದೆ ಕೈಗೆ ಬರುತ್ತಿದ್ದರೆ, ಅಥವಾ ಬರುವುದೇ ನಿಂತಿದ್ದರೆ, ತಿಂಗಳುಗಟ್ಟಲೆ ಕಾಯಬೇಡಿ. ಕಾರ್ಮಿಕ ಸಚಿವಾಲಯದ ದೂರು ಸಂಖ್ಯೆ 80084, ಭಾರತೀಯರ ಸಹಾಯ ಕೇಂದ್ರದ್ದು 80046342. ಎರಡನ್ನೂ ಇಳಿದ ದಿನವೇ ಮೊಬೈಲಿಗೆ ಹಾಕಿಕೊಳ್ಳಿ.

ಕೈಗೆ ಒಗ್ಗಿದ ಕತ್ತರಿಯನ್ನು ತರುವವರು ಅದನ್ನು ಚೆಕ್-ಇನ್ ಲಗೇಜಿನಲ್ಲಿ ಇಡಿ. ಅಪ್ಪ ಕೊಟ್ಟ ಕತ್ತರಿಯನ್ನು ನಾನು ಹೆಗಲ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅದು ಮಂಗಳೂರು ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಡಬ್ಬಿಯಲ್ಲೇ ಉಳಿಯಿತು.