ಸೋಫಾ ಕೊಳ್ಳುವ ಮುಂಚೆ ನೆಲದ ಮೇಲೆ ಅಳತೆ ಹಾಕಿ

ಸೋಫಾ, ಮಂಚ ಏನೇ ಕೊಳ್ಳುವುದಿದ್ದರೂ ಮೊದಲು ಅದರ ಉದ್ದ-ಅಗಲಕ್ಕೆ ಸರಿಯಾಗಿ ನೆಲದ ಮೇಲೆ ಹಳೇ ಪೇಪರ್ ಹರಡಿ, ಅಂಚಿಗೆ ಟೇಪ್ ಅಂಟಿಸಿ. ನಾಲ್ಕು ದಿನ ಹಾಗೇ ಬಿಡಿ. ಬೀರು ಬಾಗಿಲು ಪೂರ್ತಿ ತೆರೆಯುತ್ತಾ, ರಾತ್ರಿ ನೀರು ಕುಡಿಯಲು ಎದ್ದಾಗ ದಾರಿಗೆ ಅಡ್ಡ ಬರುತ್ತಾ, ಎಲ್ಲ ಗೊತ್ತಾಗುತ್ತದೆ. ಓಡಾಡಲು 75 ಸೆಂ.ಮೀ. ಆದರೂ ಜಾಗ ಇರಲಿ. ಸೋಫಾಗೂ ಟೀಪಾಯಿಗೂ ನಡುವೆ 45 ಸೆಂ.ಮೀ. ಸಾಕು, ಕೂತಲ್ಲೇ ಲೋಟ ಕೈಗೆ ಸಿಗುತ್ತದೆ.

ಅಂಗಡಿಯಲ್ಲಿ ಸುಮ್ನೆ ಒತ್ತಿ ನೋಡಿ ಬರಬೇಡಿ. ಬೆನ್ನು ಒರಗಿಸಿ ಹತ್ತು ನಿಮಿಷ ಕೂತು ನೋಡಿ. ಪಾದ ನೆಲಕ್ಕೆ ಊರಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರಿಗೆ ಸಲೀಸಾಗಿ ಏಳಲು ಆಗದ ಸೋಫಾ ಎಷ್ಟೇ ಚೆಂದ ಇದ್ದರೂ ಬೇಡವೇ ಬೇಡ. ಬಣ್ಣದ ಚಿಂತೆ ಜಾಸ್ತಿ ಬೇಡ, ಕವರ್ ಆಮೇಲೂ ಬದಲಾಯಿಸಬಹುದು ಅಲ್ವಾ?

ಒಂದು ಕುರ್ಚಿ ಮಾತ್ರ ಕಿಟಕಿ ಪಕ್ಕ ಹಾಕಿ. ಓದುವಾಗ ಬೆಳಕು ಪಕ್ಕದಿಂದ ಬಿದ್ದರೆ ಕಣ್ಣಿಗೆ ಹಿತ.